ಮೂಗಿನ ಮೂಳೆ ಮುರಿದರೆ ಆಪರೇಷನ್ ಯಾವಾಗ?

ಕಬಡ್ಡಿಯಲ್ಲಿ ಮೊಣಕೈ ತಗಲಲಿ, ಕೃಷ್ಣಾಷ್ಟಮಿಯ ಮೊಸರುಕುಡಿಕೆ ಉತ್ಸವ ವಿಟ್ಲಪಿಂಡಿಯ ನೂಕುನುಗ್ಗಲಿನಲ್ಲಿ ಬೀಳಲಿ, ಮೊದಲು ತಲೆ ಮುಂದಕ್ಕೆ ಬಾಗಿಸಿ ಮೂಗಿನ ಮೆತ್ತನೆ ಭಾಗವನ್ನು 10–15 ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ಬಾಯಿಗೆ ಬಂದ ರಕ್ತ ಉಗುಳಿ.

ಮೂಗು ನೇರವಾಗಿದ್ದು ಉಸಿರು ಸರಾಗವಾಗಿದ್ದರೆ ಆಪರೇಷನ್ ಬೇಕಿಲ್ಲ, ಎಕ್ಸ್‌ರೇಯಲ್ಲಿ ಗೆರೆ ಕಂಡರೂ.

ಕಾಯಲೇಬಾರದ್ದು ಒಂದಿದೆ: ಮೂಗಿನ ನಡುಗೋಡೆಯಲ್ಲಿ ರಕ್ತ ಕಟ್ಟುವುದು. ಟಾರ್ಚ್ ಹಿಡಿದು ನೋಡಿದರೆ ಒಳಗೆ ಕೆಂಪು-ನೇರಳೆ ಬಣ್ಣದ ಮೆತ್ತನೆ ಉಬ್ಬು. ಮೂಗು ಕಟ್ಟಿ ನೋವು ಏರುತ್ತಲೇ ಇರುತ್ತದೆ. ಅದೇ ದಿನ ಆ ರಕ್ತ ತೆಗೆಸಬೇಕು. ಬಿಟ್ಟರೆ ಪೋಷಣೆ ತಪ್ಪಿದ ನಡುಗೋಡೆಯ ಮೃದ್ವಸ್ಥಿ (ಮೆದು ಮೂಳೆ) ಕೆಲವೇ ದಿನಗಳಲ್ಲಿ ಸತ್ತು, ಮೂಗು ನಡುವೆ ಕುಸಿಯುತ್ತದೆ. ಮೂಗಿನಿಂದ ನೀರಿನಂಥ ದ್ರವ ಸುರಿದರೆ, ವಾಂತಿಯಾದರೆ, ವಸ್ತುಗಳು ಎರಡೆರಡಾಗಿ ಕಂಡರೆ ಕೂಡಲೇ ಕ್ಯಾಶುವಾಲ್ಟಿಗೆ: ಮಂಗಳೂರಲ್ಲಿ ವೆನ್ಲಾಕ್, ಉಡುಪಿ ಕಡೆಯವರಿಗೆ ಅಜ್ಜರಕಾಡು ಅಥವಾ ಮಣಿಪಾಲ.

ಬರೀ ಸೊಟ್ಟಗಿದ್ದರೆ ಬಾವು ಇಳಿಯಲು 3–5 ದಿನ ಬಿಟ್ಟು ಇಎನ್‌ಟಿ ಡಾಕ್ಟರಿಗೆ ತೋರಿಸಿ. ಕೊಯ್ಯದೆ ಮೂಳೆ ಕೂರಿಸಲು ದೊಡ್ಡವರಿಗೆ ಪೆಟ್ಟಾದ 7–14 ದಿನದೊಳಗೆ ಆಗಬೇಕು. ಮಕ್ಕಳ ಮೂಳೆ ಬೇಗ ಕೂಡುತ್ತದೆ, ವಾರ ದಾಟಿಸಬೇಡಿ. ಎಣ್ಣೆ ತಿಕ್ಕಿಸಿಕೊಂಡು ದಿನ ಕಳೆಯುವವರು ಈ ಅವಕಾಶವನ್ನೇ ಕಳೆದುಕೊಳ್ಳುವುದು. ಆಮೇಲೆ ಸಾಮಾನ್ಯವಾಗಿ 6 ತಿಂಗಳು ಕಾದು, ಕೂಡಿದ ಮೂಳೆಯನ್ನು ಮತ್ತೆ ಕತ್ತರಿಸಿ ಸರಿಪಡಿಸುವ ದೊಡ್ಡ ಆಪರೇಷನ್ನೇ ಗತಿ.