ಹದಿನೇಳು ಡ್ರಾಗಳ ಲೆಕ್ಕ

ಕಲಬುರಗಿಯ ಎನ್‌.ವಿ. ಮೈದಾನದಲ್ಲಿ ಬೆಳಿಗ್ಗೆ ಹೊತ್ತು ಹುಡುಗರಿಗೆ ಫುಟ್‌ಬಾಲ್ ಕಲಿಸುತ್ತೇನೆ. ಅವರಿಗೆ ಒಂದು ಮಾತು ಎಷ್ಟು ಹೇಳಿದರೂ ತಲೆಗೆ ಹೋಗುತ್ತಿರಲಿಲ್ಲ. ಸ್ಕೋರ್ 1-1 ಇದ್ದರೆ, ಕೊನೆಯ ಹತ್ತು ನಿಮಿಷ ಡಿಫೆನ್ಸ್‌ನವರೂ ಗೋಲ್ ಹೊಡೆಯಲು ಓಡುತ್ತಿದ್ದರು. ಹಿಂದೆ ಗೋಲ್‌ಕೀಪರ್ ಒಬ್ಬನೇ. ಎದುರಿನವರ ಒಂದು ಉದ್ದ ಕಿಕ್ ಸಾಕು, ಮುಗೀತು. ಕೇಳಿದರೆ, "ಡ್ರಾ ಆದ್ರ ಏನ್ ಸಿಗ್ತದ್ರೀ ಸರ?" ಅನ್ನುತ್ತಿದ್ದರು.

ಬಾಯಲ್ಲಿ ಹೇಳಿ ಸಾಕಾಗಿತ್ತು. 2022ರ ಜುಲೈನಲ್ಲಿ ಒಂದು ನೋಟ್‌ಬುಕ್ ತಂದೆ. ಇಂಗ್ಲೆಂಡಿನ ಎರಡನೇ ದರ್ಜೆ ಲೀಗ್ ಚಾಂಪಿಯನ್‌ಶಿಪ್‌ನಲ್ಲಿ ಒಂದು ತಂಡ ಹಿಡಿದು, ಇಡೀ ಸೀಸನ್ ಬರೆಯೋಣ ಅಂತ. 24 ತಂಡ, ಒಂದೊಂದಕ್ಕೆ 46 ಪಂದ್ಯ. ಗೆದ್ದರೆ ಮೂರು ಪಾಯಿಂಟ್, ಡ್ರಾಗೆ ಒಂದು. ಮೊದಲ ಎರಡು ತಂಡ ನೇರವಾಗಿ ಮೊದಲ ದರ್ಜೆಯ ಪ್ರೀಮಿಯರ್ ಲೀಗ್‌ಗೆ. ಆಗ ಮೂರರಿಂದ ಆರನೆಯವರು ಪ್ಲೇಆಫ್ ಆಡಬೇಕಿತ್ತು, ಗೆದ್ದ ಒಬ್ಬರಿಗೆ ಮಾತ್ರ ಮೇಲಕ್ಕೆ ದಾರಿ. ಇಷ್ಟು ಉದ್ದದ ಲೀಗ್‌ನಲ್ಲಿ ಒಂದೊಂದು ಪಾಯಿಂಟ್ ಹೇಗೆ ಕೂಡುತ್ತೆ ಅನ್ನೋದು ಕಣ್ಣಿಗೆ ಕಾಣುತ್ತೆ.

ನಾನು ಹಿಡಿದದ್ದು ಲೂಟನ್ ಟೌನ್. 2014ರವರೆಗೂ ಐದನೇ ದರ್ಜೆಯಲ್ಲಿದ್ದ ಸಣ್ಣ ಕ್ಲಬ್. ಅವರ ಮೈದಾನದ ಒಂದು ಗೇಟು ಸಾಲು ಮನೆಗಳ ನಡುವೆಯೇ ಇದೆ. ನಮ್ಮ ಓಣಿಯ ಹುಡುಗರಿಗೆ ಇಂಥ ತಂಡವೇ ಹತ್ತಿರ ಅನ್ನಿಸಿತು.

ವಾರದ ನಡುವಿನ ಪಂದ್ಯಗಳು ಇಲ್ಲಿ ನಡುರಾತ್ರಿ ದಾಟಿದ ಮೇಲೆ ನಡೆಯುತ್ತಿದ್ದವು. ಬೆಳಿಗ್ಗೆ ಚಹಾ ಕುಡಿಯುತ್ತ ಫೋನ್‌ನಲ್ಲಿ ಸ್ಕೋರ್ ನೋಡಿ ಬರೆಯುತ್ತಿದ್ದೆ: ಎದುರಾಳಿ, ಎಲ್ಲಿ ಆಡಿದ್ದು, ಗೋಲ್ ಬಿದ್ದ ನಿಮಿಷ, ಒಟ್ಟು ಪಾಯಿಂಟ್. ಗೆಲುವು ನೀಲಿ, ಸೋಲು ಕೆಂಪು, ಡ್ರಾ ಹಸಿರು ಶಾಯಿ. ಮೊದಲ ಪಂದ್ಯವೇ ಬರ್ಮಿಂಗ್‌ಹ್ಯಾಮ್ ಜೊತೆ 0-0. ನವೆಂಬರ್‌ನಲ್ಲಿ ಕೋಚ್ ನೇಥನ್ ಜೋನ್ಸ್ ಬಿಟ್ಟು ಹೋದಾಗ, ಇನ್ನು ಬರೆಯೋದು ದಂಡ ಅನ್ನಿಸಿತ್ತು. ರಾಬ್ ಎಡ್ವರ್ಡ್ಸ್ ಬಂದರು. ನಾನೂ ನೋಟ್‌ಬುಕ್ ಬಿಡಲಿಲ್ಲ.

2023ರ ಮೇ 8ರಂದು ಹಲ್ ಜೊತೆ ಕೊನೆಯ ಪಂದ್ಯ, ಅದೂ 0-0. ಮರುದಿನ ನೋಟ್‌ಬುಕ್ ಮೈದಾನಕ್ಕೆ ಒಯ್ದೆ. ಬಿಸಿಲು ಏರುವ ಮೊದಲೇ ಹುಡುಗರನ್ನು ಬೇವಿನ ಮರದ ಕೆಳಗೆ ಕೂರಿಸಿ, ಹಸಿರು ಸಾಲುಗಳ ಎಣಿಕೆಯನ್ನು ಅವರ ಕೈಯಿಂದಲೇ ಮಾಡಿಸಿದೆ. ಹದಿನೇಳು. ಗೆದ್ದದ್ದು 21, ಅಂದರೆ 63 ಪಾಯಿಂಟ್. ಹದಿನೇಳು ಸೇರಿಸಿದರೆ 80, ಮೂರನೇ ಸ್ಥಾನ. ಆರನೇ ಸ್ಥಾನದ ಸಂಡರ್‌ಲೆಂಡ್‌ಗೆ 69. ಆ ಹಸಿರು ಸಾಲುಗಳೆಲ್ಲ ಕೆಂಪಾಗಿದ್ದರೆ ಲೂಟನ್‌ಗೆ ಪ್ಲೇಆಫೂ ಇಲ್ಲ. ಒಬ್ಬ ಹುಡುಗ ಬೆರಳಿಟ್ಟುಕೊಂಡು ಮತ್ತೊಮ್ಮೆ ಎಣಿಸಿದ. ಯಾರೂ ಮಾತಾಡಲಿಲ್ಲ.

ಮೇ 27ರ ಪ್ಲೇಆಫ್ ಫೈನಲ್ ರಾತ್ರಿ ನಾನು ಮಲಗಲಿಲ್ಲ. ಆಟ ಶುರುವಾದ ಸ್ವಲ್ಪ ಹೊತ್ತಿಗೇ ಕ್ಯಾಪ್ಟನ್ ಟಾಮ್ ಲಾಕ್ಯರ್ ಮೈದಾನದಲ್ಲೇ ಕುಸಿದು ಬಿದ್ದರು. ಅವರಿಗೆ ಪ್ರಜ್ಞೆ ಬಂದಿದೆ ಅನ್ನೋ ಸುದ್ದಿ ಸಿಗುವವರೆಗೂ ನನಗೆ ಸ್ಕೋರ್ ಬೇಡವಾಗಿತ್ತು. ಕವೆಂಟ್ರಿ ಜೊತೆ ಅದೂ 1-1. ಪೆನಾಲ್ಟಿಯಲ್ಲಿ 6-5ರಿಂದ ಲೂಟನ್ ಪ್ರೀಮಿಯರ್ ಲೀಗ್‌ಗೆ ಹೋಯಿತು. ಐದನೇ ದರ್ಜೆಯಿಂದಲೂ ಕ್ಲಬ್‌ನಲ್ಲೇ ಇದ್ದ ಪೆಲ್ಲಿ ರಡಕ್ ಎಂಪಾಂಜು ಅವತ್ತೂ ತಂಡದಲ್ಲಿದ್ದರು. ಹುಡುಗರಿಗೆ ಅವರ ಕತೆ ಹೇಳಿದಷ್ಟು ಬೇರೆ ಯಾರದೂ ಹೇಳಿಲ್ಲ.

ಜೂನ್‌ನಲ್ಲಿ ನಮ್ಮಲ್ಲೇ ಆರು ತಂಡ ಮಾಡಿ ಲೀಗ್ ಇಟ್ಟೆವು. ಗೆದ್ದರೆ ಮೂರು, ಡ್ರಾಗೆ ಒಂದು. ಎರಡನೇ ಪಂದ್ಯ 0-0, ಎಂಟು ನಿಮಿಷ ಉಳಿದಿತ್ತು. ಹಿಂದಿನ ಸಾಲಿನ ಇಬ್ಬರು ಹಳೇ ಚಾಳಿಯಂತೆ ಮುಂದೆ ಓಡಲು ಹೊರಟರು. ನಾನು ಬಾಯಿ ತೆರೆಯುವ ಮೊದಲೇ ಗೋಲ್‌ಕೀಪರ್ ಹುಡುಗ ಕೂಗಿದ: "ಹಿಂದ ಬರ್ರಲೇ! ಒಂದ್ ಪಾಯಿಂಟ್ ಅದ!"

ಇಬ್ಬರೂ ತಿರುಗಿ ಬಂದರು. ಆ ಪಂದ್ಯವನ್ನು ಅದೇ ನೋಟ್‌ಬುಕ್‌ನಲ್ಲಿ, ಲೂಟನ್ ಸಾಲುಗಳ ಕೆಳಗೆ, ಹಸಿರು ಶಾಯಿಯಲ್ಲಿ ಬರೆದೆ.