ಕಾಲೋ ರೈಸೋ: ಟರ್ನ್‌ನಲ್ಲಿ ಇವಿ ಲೆಕ್ಕ

ಉಲಾಯಿ-ಪಿದಾಯಿಯಲ್ಲಿ (ಅಂದರ್-ಬಾಹರ್) ಎಲೆ ಒಳಗೆ ಬಿದ್ದೀತು, ಇಲ್ಲ ಹೊರಗೆ; ಲೆಕ್ಕಕ್ಕೆ ಕೆಲಸವಿಲ್ಲ. ಪೋಕರ್‌ನಲ್ಲಿ ಎದುರಾಳಿ ಎಲೆ ಕೆಳಗಿಟ್ಟರೂ ಗೆಲುವು ನಮ್ಮದೇ. ಎದುರಾಳಿ ಹಾಕಿದಷ್ಟೇ ಹಾಕುವುದು ಕಾಲ್, ಅದಕ್ಕಿಂತ ಹೆಚ್ಚು ಹಾಕುವುದು ರೈಸ್; ರೈಸ್‌ನ ಲೆಕ್ಕ ಕಾಲ್‌ನ ಲೆಕ್ಕದಿಂದ ಬೇರೆಯಾಗುವುದು ಇದರಿಂದ.

ಕಲಿಯಲು ದುಡ್ಡು ಬೇಡ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿಯೂ ಇದೆ. ಮನೆಯ ಚೆನ್ನೆಮಣೆಯಲ್ಲಿ ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ ಕಾಯಿ ಇರುತ್ತವಲ್ಲ, ಒಂದಕ್ಕೆ 100 ಅಂಕ ಎಂದಿಟ್ಟುಕೊಳ್ಳಿ. ಕೆಳಗಿನ ಆಟಕ್ಕೆ 50 ಸಾಕು.

ಕೈಯಲ್ಲಿ ಆಟೀನ್ ಎಕ್ಕ, ಆಟೀನ್ 5. ಮೇಜಿನ ಮೇಲೆ ಆಟೀನ್ ರಾಜ, ಆಟೀನ್ 7, ಕಳಾವರ್ 2, ಇಸ್ಪೀಟ್ 9. ನಾಲ್ಕನೇ ಎಲೆ ಬಿದ್ದ ಈ ಹೊತ್ತೇ ಟರ್ನ್, ಇನ್ನೊಂದೇ ಎಲೆ ಬಾಕಿ. ಪಾಟ್ (ಈವರೆಗೆ ನಡುವೆ ಸೇರಿದ್ದು) 1000. ಅದರ ಮೇಲೆ ಎದುರಾಳಿ 500 ಹಾಕಿದ್ದಾನೆ, ಅವನ ಬಳಿ ಇನ್ನು 1500 ಇದೆ. ನಿಮ್ಮ ಬಳಿ 2000.

ಮೊದಲು ಕಾಲ್. ಕಾಣದ ಎಲೆ 46, ಅವುಗಳಲ್ಲಿ ಆಟೀನ್ ಎಲೆಗಳು ಒಂಬತ್ತು; ಒಂದು ಬಿದ್ದರೆ ನಿಮಗೆ ಐದು ಆಟೀನ್, ಅಂದರೆ ಫ್ಲಶ್. ಗೆದ್ದರೆ 1500, ಸೋತರೆ 500. ಇವಿ, ಅಂದರೆ ಸರಾಸರಿ ಲಾಭ-ನಷ್ಟ:

9/46 × 1500 − 37/46 × 500 = −109

ತಾವು ಹಾಕುವ 500ನ್ನೂ ಗೆಲುವಿಗೆ ಸೇರಿಸಿ 2000 ಎನ್ನುವವರು ಬಹಳ. ಅಲ್ಲಿಗೇ ಲೆಕ್ಕ ಕೆಟ್ಟಿತು. ಫೋಲ್ಡ್‌ನ (ಎಲೆ ಕೆಳಗಿಡುವುದರ) ಇವಿ ಸೊನ್ನೆ, ಹಾಗಾಗಿ ಈ ಕಾಲ್ ನಷ್ಟವೇ. ಆಟೀನ್ ಬಿದ್ದಾಗಲೆಲ್ಲ ರಿವರ್‌ನಲ್ಲಿ (ಕೊನೆಯ ಎಲೆ ಬಿದ್ದ ಮೇಲೆ) ಸರಾಸರಿ ಇನ್ನೊಂದು 556 ಸಿಗುವುದಾದರೆ ಸರಿಹೋಗುತ್ತದೆ. ಆದರೆ ಮೂರನೇ ಆಟೀನ್ ಎಲ್ಲರ ಕಣ್ಣಿಗೂ ಬೀಳುವಂಥದ್ದು, ಅಷ್ಟು ಕೊಡುವವರು ಕಡಿಮೆ. ಎದುರಾಳಿಯದು ರಾಜನ ಜೋಡಿ ಮಾತ್ರ, ಜೊತೆಗೆ ಎಕ್ಕವಿಲ್ಲ ಎಂಬ ನಂಬಿಕೆಯಿದ್ದರೆ ಉಳಿದ ಮೂರು ಎಕ್ಕಗಳೂ ಲೆಕ್ಕಕ್ಕೆ ಬರುತ್ತವೆ. 12 ಔಟ್ಸ್‌ಗೆ (ನಿಮ್ಮನ್ನು ಗೆಲ್ಲಿಸುವ ಎಲೆಗಳಿಗೆ) ಇವಿ +22. ಮೂರೇ ಎಲೆಯಲ್ಲಿ ಉತ್ತರ ತಿರುಗಿತು.

ಇನ್ನು 2000ಕ್ಕೆ ಆಲ್-ಇನ್ (ಇದ್ದುದನ್ನೆಲ್ಲ ಹಾಕುವ) ರೈಸ್. ಅವನು ಬಿಟ್ಟರೆ ನಿಮಗೆ 1500. ಹಿಡಿದರೆ, ಅಂದರೆ ಕಾಲ್ ಮಾಡಿದರೆ, ಗೆಲುವು 3000, ಸೋಲು 2000. 9 ಔಟ್ಸ್ ಹಾಕಿದರೆ ಹಿಡಿದಾಗಿನ ಇವಿ −1022. ಅವನು 1022/2522, ಅಂದರೆ 40.5% ಸಲ ಬಿಟ್ಟರೆ ಸಮ.

ಆದರೆ 1500 ಹಾಕಿ ಹಿಡಿಯುವವನ ಕೈಯಲ್ಲಿ ಏನಿರುತ್ತದೆ? ಬರೀ ರಾಜನ ಜೋಡಿಯ ಎಷ್ಟೋ ಕೈಗಳು ಬಿಟ್ಟುಹೋಗಿರುತ್ತವೆ, ಗಟ್ಟಿ ಕೈಗಳೇ ಉಳಿಯುವುದು. ಅವನದು ಮೂರು 7 ಆಗಿದ್ದರೆ ಆಟೀನ್ 2, ಆಟೀನ್ 9 ಬಿದ್ದಾಗ ನಿಮಗೆ ಫ್ಲಶ್, ಅವನಿಗೆ ಅದಕ್ಕಿಂತ ಮೇಲಿನ ಫುಲ್ ಹೌಸ್ (ಒಂದೇ ಅಂಕಿಯ ಮೂರು, ಜೊತೆಗೊಂದು ಜೋಡಿ). ಕಾಲ್‌ಗೆ ಹಾಕಿದ ಔಟ್ಸನ್ನೇ ಇಲ್ಲಿಗೂ ತಂದರೆ ರೈಸ್ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. 7 ಹಾಕಿ:

7/46 × 3000 − 39/46 × 2000 = −1239

ಈಗ ಬೇಕಾದದ್ದು 45.2%. ನಾವು ಈ ಅಂಕಿಯನ್ನೇ ನಂಬುತ್ತೇವೆ. ಅವನು ಅರ್ಧದಷ್ಟು ಸಲ ಬಿಡುವವನಾದರೆ 750 − 620, ಇವಿ +130: ರೈಸ್ ಮಾಡಿ. ಮೂರರಲ್ಲಿ ಒಂದೇ ಸಲ ಬಿಡುವವನಾದರೆ 500 − 826, −326: ಫೋಲ್ಡ್ ಮಾಡಿ.

ಎಷ್ಟು ಸಲ ಬಿಡುತ್ತಾನೆ ಎಂಬುದು ಊಹೆಯೇ. ಟರ್ನ್ ಬೆಟ್ ಹಾಕಿ, ರೈಸ್ ಬಂದಾಗ ಏನು ಮಾಡಿದ ಎಂಬುದನ್ನಷ್ಟೇ ಗಮನಿಸಿ. ಫ್ಲಾಪ್‌ನಲ್ಲಿ (ಮೊದಲ ಮೂರು ಎಲೆ ಬಿದ್ದಾಗ) ಬಿಟ್ಟದ್ದು ಇಲ್ಲಿಗೆ ಸಾಕ್ಷಿಯಲ್ಲ. ಹೆದರಿ 1000ಕ್ಕೆ ಮಾತ್ರ ರೈಸ್ ಮಾಡುವುದೂ ಬೇಡ. ಆಗ ಅವನು 500 ಕೊಟ್ಟು 2500ಕ್ಕೆ ಆಡುತ್ತಾನೆ, 16.7% ಗೆಲುವು ಸಾಕು, ಯಾಕೆ ಬಿಟ್ಟಾನು? ಆಲ್-ಇನ್‌ಗೆ ಅವನಿಗೆ 30% ಬೇಕು.