ವಿಂಡೋಸ್ 11 ಹಾಕಿಸುವ ಮೊದಲು ಹಳೇ ಫೈಲು ತೆರೆದು ನೋಡಿ

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 11ಕ್ಕೆ ಬದಲಾಯಿಸುವ ಹಾಸನದ ಡಿಟಿಪಿ ಅಂಗಡಿ, ಸ್ಟುಡಿಯೊಗಳವರು ಫೈಲು ಕಾಪಿ ಮಾಡಿಕೊಂಡರೆ ಮಾತ್ರ ಸಾಲದು. ಫೈಲು ಉಳಿದು, ಅದನ್ನು ತೆರೆಯುವ ಸಾಫ್ಟ್‌ವೇರ್ ಹೋದರೆ ಪ್ರಯೋಜನವಿಲ್ಲ.

ಮೊದಲು ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್‌ಗೆ ಹೋಗಿ 'ಸಿಸ್ಟಮ್ ಟೈಪ್' ನೋಡಿ. 32 ಬಿಟ್ ಎಂದಿದ್ದರೆ ನೇರ ಅಪ್‌ಗ್ರೇಡ್ ಆಗದು. ಹೊಸದಾಗಿಯೇ ಇನ್‌ಸ್ಟಾಲ್ ಮಾಡಬೇಕು, ಫಾಂಟುಗಳನ್ನೂ ಸಾಫ್ಟ್‌ವೇರ್‌ಗಳನ್ನೂ ಮತ್ತೆ ಹಾಕಬೇಕು. ಡಾಸ್ ಕಾಲದ 16 ಬಿಟ್ ಪ್ರೋಗ್ರಾಮುಗಳು 11ರಲ್ಲಿ ಓಡುವುದೇ ಇಲ್ಲ. ತೋಟದ ಲೆಕ್ಕ ಇನ್ನೂ ಫಾಕ್ಸ್‌ಪ್ರೊ ಎಂಬ ಹಳೇ ಡೇಟಾಬೇಸ್ ಸಾಫ್ಟ್‌ವೇರ್‌ನಲ್ಲಿದ್ದರೆ ಅದರ ಡಿಬಿಎಫ್ ಫೈಲನ್ನು ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ತೆರೆದು ಹೊಸ ಹಾಳೆಯಾಗಿ ಉಳಿಸಿ.

ಹೆಚ್ಚು ಜೋಪಾನ ಬೇಕಾದದ್ದು ಕನ್ನಡ ಫೈಲುಗಳಿಗೆ. ಹಳೇ ನುಡಿ ಫಾಂಟಿನ 'ಕನ್ನಡ' ಎಂಬ ಪದ ಕಂಪ್ಯೂಟರಿಗೆ ಕನ್ನಡವೇ ಅಲ್ಲ, ಕನ್ನಡದ ರೂಪ ತೊಟ್ಟ ಇಂಗ್ಲಿಷ್ ಅಕ್ಷರ, ಗುರುತುಗಳಷ್ಟೇ. ಫಾಂಟ್ ಇಲ್ಲದಿದ್ದರೆ ಅಲ್ಲಿ ಇಂಗ್ಲಿಷಿನ ಪಿ, ಪೌಂಡ್ ಗುರುತು, ಕ್ಯೂ ಕಾಣುತ್ತವೆ. ಆದ್ದರಿಂದ ಫಾಂಟ್ಸ್ ಫೋಲ್ಡರಿನಿಂದ ನುಡಿ, ಬರಹ ಫಾಂಟುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಬಳಿಕ ಮುಖ್ಯ ಕಡತಗಳ ನಕಲನ್ನು ಫಾಂಟ್ ಪರಿವರ್ತಕ ಸಾಫ್ಟ್‌ವೇರ್‌ನಲ್ಲಿ ಯೂನಿಕೋಡ್ (ಕಂಪ್ಯೂಟರಿಗೂ ಕನ್ನಡವೆಂದೇ ತಿಳಿಯುವ ಅಕ್ಷರ ಸಂಕೇತ) ಮಾಡಿ, ಮೂಲವನ್ನು ಮುಟ್ಟಬೇಡಿ. ಹೀಗೆ ಪರಿವರ್ತಿಸುವಾಗ ನಡುವೆ ಇರುವ ಇಂಗ್ಲಿಷ್ ಪದಗಳೂ ಅರ್ಥವಿಲ್ಲದ ಕನ್ನಡವಾಗಿಬಿಡಬಹುದು. ಅರ್ಕಾವತ್ತು ನುಡಿಯಲ್ಲಿ ಅಕ್ಷರದ ನಂತರ, ಯೂನಿಕೋಡ್‌ನಲ್ಲಿ ಮೊದಲು ಬರುವುದರಿಂದ ಅಲ್ಲೂ ಎಡವಟ್ಟಾಗುತ್ತದೆ. ಹೆಸರು, ಸರ್ವೆ ನಂಬರ್ ಇರುವ ಸಾಲುಗಳನ್ನು ಮೂಲದ ಪಕ್ಕವೇ ಇಟ್ಟು ಓದಿ.

ಹಳೇ ಪುಟ ವಿನ್ಯಾಸದ ಸಾಫ್ಟ್‌ವೇರ್ ಪೇಜ್‌ಮೇಕರ್‌ನ ಫೈಲುಗಳನ್ನು ಈಗಲೇ ಪಿಡಿಎಫ್ ಮಾಡಿಡಿ. ಅದರ ಜಾಗಕ್ಕೆ ಬಂದ ಇನ್‌ಡಿಸೈನ್‌ನಲ್ಲಿ ಸಿಎಸ್6ರ ನಂತರದ ಆವೃತ್ತಿಗಳು ಅವನ್ನು ತೆರೆಯುವುದಿಲ್ಲ.

ಟೇಪಿನಿಂದ ಇಳಿಸಿದ ಮದುವೆ ವಿಡಿಯೊ ಡಿವಿ ಫೈಲಾಗಿದ್ದರೆ ಗಂಟೆಗೆ ಸುಮಾರು 13 ಜಿಬಿ. ಫ್ಯಾಟ್32 ಎಂಬ ಹಳೇ ಮಾದರಿಯಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವ್ 4 ಜಿಬಿಗಿಂತ ದೊಡ್ಡ ಫೈಲು ಹಿಡಿಯದು. ಎಕ್ಸ್‌ಫ್ಯಾಟ್ ಆಗಿ ಫಾರ್ಮ್ಯಾಟ್ ಮಾಡಿ. ಫಾರ್ಮ್ಯಾಟ್ ಮಾಡಿದರೆ ಅದರಲ್ಲಿದ್ದುದೆಲ್ಲ ಅಳಿಯುತ್ತದೆ, ನೆನಪಿರಲಿ. ನೋಡಲು ಬೇಕಾದ ಪ್ರತಿಯನ್ನು ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಪರಿವರ್ತಕ ಸಾಫ್ಟ್‌ವೇರ್‌ನಲ್ಲಿ ಎಚ್.264, ಎಂಪಿ4 ಮಾಡಿ, ಗುಣಮಟ್ಟ ಆರ್‌ಎಫ್ 20 ಇರಲಿ. ಡಿಇಂಟರ್ಲೇಸ್ ಆನ್ ಮಾಡದಿದ್ದರೆ ಕೈ ಬೀಸಿದಲ್ಲೆಲ್ಲ ಬಾಚಣಿಗೆಯ ಹಲ್ಲಿನಂತೆ ಗೆರೆ ಏಳುತ್ತದೆ.

ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಇದ್ದರೆ 48 ಅಂಕಿಯ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಡಿ. ಚಿಕ್ಕಮಗಳೂರು ಕಡೆ ಮಳೆಗಾಲದಲ್ಲಿ ಯುಪಿಎಸ್ ಇಲ್ಲದೆ ಕೆಲಸ ಶುರುಮಾಡಲೇಬೇಡಿ. ನಡುವೆ ಕರೆಂಟ್ ಹೋದರೆ ಕಂಪ್ಯೂಟರ್ ಏಳದೇ ಹೋಗಬಹುದು. ನೇರ ಅಪ್‌ಗ್ರೇಡ್ ಮಾಡಿದವರಿಗೆ ಹಳೆಯದಕ್ಕೆ ಮರಳಲು ಸಿಗುವುದು 10 ದಿನ. ಅಷ್ಟರೊಳಗೆ ಪ್ರತಿ ಬಗೆಯ ಫೈಲನ್ನೂ ಒಂದೊಂದು ತೆರೆದು, ಒಂದು ಪುಟ ಪ್ರಿಂಟ್ ಹಾಕಿ ನೋಡಿ.